ಬೆನ್ನುಹುರಿಗೆ ಕರೆಂಟ್ ಕೊಡುವ ಮೆಷಿನ್ ಅಪ್ಪನಿಗೆ ಹಾಕಿಸಬಹುದಾ? ರಿಸರ್ಚ್ ಒಂದೊಂದು ಕಡೆ ಒಂದೊಂದು ಹೇಳುತ್ತಿದೆ

ಬೆಣ್ಣೆದೋಸೆ_ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಜಾರು ಮಾಡಿಕೊಳ್ಳದೆ ಓದಿ.

ಅಪ್ಪನಿಗೆ 63. ಮಂಡಿಯಲ್ಲಿ ಮೂಟೆ ಎತ್ತಿ ಎತ್ತಿ ಸೊಂಟ ಹೋಯಿತು. ನಾಲ್ಕು ವರ್ಷದ ಹಿಂದೆ ಎಲ್4-ಎಲ್5 ಡಿಸ್ಕ್ ಆಪರೇಷನ್ ಆಯಿತು. ಸ್ವಲ್ಪ ಕಾಲ ಚೆನ್ನಾಗಿದ್ದರು. ಆಮೇಲೆ ಎಡಗಾಲು ಶುರುವಾಯಿತು. ತೊಡೆಯ ಹಿಂಭಾಗದಿಂದ ಹಿಮ್ಮಡಿಯವರೆಗೂ ಉರಿ, ಮಧ್ಯೆ ಮಧ್ಯೆ ಕರೆಂಟ್ ಹೊಡೆದ ಹಾಗೆ ಛಳಕು. ರಾತ್ರಿ ಪಂಚೆ ತಾಗಿದರೂ ಕಾಲು ಎಳೆದುಕೊಳ್ಳುತ್ತಾರೆ. ನರದ ನೋವಿನ ಮಾತ್ರೆ ಪ್ರಿಗ್ಯಾಬಲಿನ್ ಕೊಟ್ಟರು, ಹಗಲೆಲ್ಲ ಮಂಪರು, ಒಂದು ಸಲ ಬಚ್ಚಲಲ್ಲಿ ಬಿದ್ದೂ ಬಿಟ್ಟರು. ಇನ್ನೊಂದು ಎಂಆರ್‌ಐ ನೋಡಿ, ಮತ್ತೆ ಆಪರೇಷನ್ ಮಾಡುವಂಥದ್ದು ಏನೂ ಇಲ್ಲ ಅಂದರು.

ಈಗ ಬೆಂಗಳೂರಿನ ಒಂದು ಪೇನ್ ಕ್ಲಿನಿಕ್‌ನಲ್ಲಿ ಸ್ಪೈನಲ್ ಕಾರ್ಡ್ ಸ್ಟಿಮ್ಯುಲೇಟರ್ ಹಾಕಿಸಿ ಅಂತಿದ್ದಾರೆ. ಬೆನ್ನುಹುರಿಯ ಹಿಂದೆ ಎರಡು ವೈರ್, ಸೊಂಟದ ಚರ್ಮದ ಕೆಳಗೆ ಒಂದು ಬ್ಯಾಟರಿ. ಖರ್ಚು ಹತ್ತು ಲಕ್ಷದ ಆಸುಪಾಸು. ಇನ್ಶೂರೆನ್ಸ್‌ನವರು ಹೂಂ ಅಂದಿಲ್ಲ, ಉಹೂಂ ಅಂದಿಲ್ಲ. ಕೈಗೆ ಕೊಟ್ಟ ಪಾಂಪ್ಲೆಟ್‌ನಲ್ಲಿ ನೂರಕ್ಕೆ 80 ಜನರಿಗೆ ನೋವು ಅರ್ಧಕ್ಕಿಂತ ಕಡಿಮೆ ಆಗುತ್ತದೆ ಅಂತಿದೆ. ನಾನು ರಾತ್ರಿ ಕೂತು ನೆಟ್ ತೆಗೆದರೆ ಒಂದು ಕಡೆ ಅದೇ ಮಾತು, ಇನ್ನೊಂದು ಕಡೆ ಸುಳ್ಳು ಚಿಕಿತ್ಸೆಗಿಂತ (ಕೊಟ್ಟ ಹಾಗೆ ಮಾಡಿ ನಿಜವಾಗಿ ಏನೂ ಕೊಡದಿರುವುದು) ಇದರಲ್ಲಿ ಏನೂ ಜಾಸ್ತಿ ಇಲ್ಲ ಅಂತ. ಎರಡೂ ದೊಡ್ಡ ಜರ್ನಲ್‌ಗಳೇ. ಯಾರನ್ನು ನಂಬುವುದು? ತೋಟದ ಒಂದು ಭಾಗ ಮಾರುವ ಮಾತು ಮನೆಯಲ್ಲಿ ಆಗಲೇ ಬಂದಿದೆ, ಅದಕ್ಕೇ ಕೇಳುತ್ತಿದ್ದೇನೆ.

ಸಾಲು_ಕಾಲಂ

ಟ್ರಯಲ್‌ಗಳ ಡೇಟಾ ನೋಡುವುದೇ ನನ್ನ ಹೊಟ್ಟೆಪಾಡು. ಈ ಮೆಷಿನ್ ಕಂಪನಿಗಳಿಗೆ ಕೆಲಸ ಮಾಡಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ನೀವು ಓದಿದ ಎರಡೂ ಸುಳ್ಳಲ್ಲ. ಮೆಷಿನ್ ಹಾಕಿಸಿಕೊಂಡವರನ್ನು ಯಾರ ಪಕ್ಕ ನಿಲ್ಲಿಸಿ ನೋಡಿದರು ಅನ್ನುವುದರಲ್ಲಿ ಇರುವುದು ಎಲ್ಲ ವ್ಯತ್ಯಾಸ.

2007ರಲ್ಲಿ ಬಂದ ಪ್ರೋಸೆಸ್ ಅನ್ನುವ ಟ್ರಯಲ್ ತಗೊಳ್ಳಿ. ಕೆನಡಾದ ರೆಜೈನಾದಲ್ಲಿದ್ದ ನರಶಸ್ತ್ರಚಿಕಿತ್ಸಕ ಕೃಷ್ಣ ಕುಮಾರ್ ಮತ್ತು ಜೊತೆಯವರು ಮಾಡಿದ್ದು. ಬೆನ್ನಿನ ಆಪರೇಷನ್ ಆದ ಮೇಲೂ ಕಾಲುನೋವು ಹೋಗದ 100 ಜನ, ಅಂದರೆ ಥೇಟ್ ನಿಮ್ಮ ಅಪ್ಪನ ಥರದವರು. ಅರ್ಧದಷ್ಟು ಜನಕ್ಕೆ ಔಷಧಿ ಜೊತೆ ಮೆಷಿನ್, ಉಳಿದವರಿಗೆ ಬರೀ ಔಷಧಿ, ಫಿಸಿಯೋ ಇತ್ಯಾದಿ. ಆರು ತಿಂಗಳಿಗೆ ಕಾಲುನೋವು ಅರ್ಧಕ್ಕೆ ಇಳಿದವರು ಮೆಷಿನ್ ಕಡೆ ನೂರಕ್ಕೆ 48, ಬರೀ ಔಷಧಿ ಕಡೆ 9. ದೊಡ್ಡ ಅಂತರ, ಒಪ್ಪಿದೆ. ಆದರೆ ಆ ಕಾಲದ ಮೆಷಿನ್ ಆನ್ ಆದರೆ ಕಾಲಲ್ಲಿ ಜುಮುಜುಮು ಗೊತ್ತಾಗುತ್ತದೆ. ಯಾರಿಗೆ ಏನು ಸಿಕ್ಕಿತು ಅಂತ ಎಲ್ಲರಿಗೂ ಗೊತ್ತು. ಜೊತೆಗೆ ಔಷಧಿ ಗುಂಪಿನವರು ಅದೇ ಥರದ ಔಷಧಿ ತಿಂದು ಸಾಕಾಗಿ ಬಂದವರು. ಹೊಸದೇನಾದರೂ ಸಿಗುತ್ತೆ ಅಂತ ಬಂದು ಹಳೆಯದೇ ಸಿಕ್ಕರೆ ಮನುಷ್ಯ ತನ್ನ ನೋವಿಗೆ ಎಷ್ಟು ಅಂಕ ಕೊಟ್ಟಾನು ಹೇಳಿ.

ನಿಮ್ಮ ಪಾಂಪ್ಲೆಟ್‌ನ 80 ಬಹುಶಃ 2015ರ ಸೆನ್ಜಾ ಟ್ರಯಲ್ ಕಡೆಯಿಂದ ಬಂದಿದ್ದು. ಸೆಕೆಂಡಿಗೆ 10,000 ಸಲ ಮಿಡಿಯುವ ಹೊಸ ಮೆಷಿನ್, ಅದರ ಎದುರು ಹಳೆಯ ನಿಧಾನದ ಮೆಷಿನ್. ಮೂರು ತಿಂಗಳಿಗೆ ಬೆನ್ನುನೋವು ಅರ್ಧವಾದವರು ಹೊಸದರಲ್ಲಿ 84.5, ಹಳೆಯದರಲ್ಲಿ 43.8. ಇಲ್ಲಿ ಸುಳ್ಳು ಮೆಷಿನ್ ಗುಂಪೇ ಇಲ್ಲ. ಯಾರಿಗೆ ಯಾವ ಮೆಷಿನ್ ಅಂತ ಚೀಟಿ ಎತ್ತಿದ್ದು 198 ಜನಕ್ಕೆ, ತಾತ್ಕಾಲಿಕ ವೈರ್ ಹಾಕಿ ನೋಡಿ ಗುಣ ಕಂಡು ಒಳಗೆ ಮೆಷಿನ್ ಕೂರಿಸಿದ್ದು 171 ಜನಕ್ಕೆ, ಶೇಕಡಾವಾರು ಲೆಕ್ಕ ಈ 171ರ ಮೇಲೆ. ಪಾಂಪ್ಲೆಟ್‌ನಲ್ಲಿ ಇದನ್ನೆಲ್ಲ ಯಾರು ಅಚ್ಚು ಹಾಕಿಸುತ್ತಾರೆ.

ಈಗ ಇನ್ನೊಂದು ಕಡೆ. ನಾರ್ವೆಯ ಟ್ರೋಂಡ್‌ಹೈಮ್‌ನಲ್ಲಿ ಸೇಂಟ್ ಒಲಾವ್ಸ್ ಆಸ್ಪತ್ರೆಯವರು ಜುಮುಜುಮು ಗೊತ್ತಾಗದ 'ಬರ್ಸ್ಟ್' ಅನ್ನುವ ಬಗೆಯ ಕರೆಂಟ್ ಬಳಸಿದರು. ಗೊತ್ತಾಗುವುದಿಲ್ಲ ಅಂದಮೇಲೆ ಸುಮ್ನೆ ಆಫ್ ಮಾಡಿಟ್ಟರೂ ರೋಗಿಗೆ ತಿಳಿಯುವುದಿಲ್ಲ, ಅಲ್ವಾ? 50 ಜನ, ಎಲ್ಲರ ಒಳಗೂ ನಿಜವಾದ ಮೆಷಿನ್. ಮೂರು ತಿಂಗಳು ಆನ್, ಮೂರು ತಿಂಗಳು ಆಫ್, ಹೀಗೆ ಎರಡೆರಡು ಸಲ, ಯಾವಾಗ ಯಾವುದು ಅಂತ ಹೇಳದೆ. ದಿನದ ಕೆಲಸಕ್ಕೆ ಎಷ್ಟು ತೊಂದರೆ ಅಂತ ಅಳೆಯುವ ಓಸ್ವೆಸ್ಟ್ರಿ ಅಂಕ ಶುರುವಿನಲ್ಲಿ ಸರಾಸರಿ 44.7 ಇತ್ತು. ಆನ್ ಇದ್ದಾಗ 10.6 ಇಳಿಯಿತು. ಆಫ್ ಇದ್ದಾಗಲೂ 9.3 ಇಳಿಯಿತು! 2022ರಲ್ಲಿ ಜಾಮಾ ಅನ್ನುವ ಅಮೆರಿಕದ ವೈದ್ಯಕೀಯ ಜರ್ನಲ್‌ನಲ್ಲಿ ಬಂತು, ದೊಡ್ಡ ಗಲಾಟೆಯೇ ಆಯಿತು. 2023ರಲ್ಲಿ ಕಾಕ್ರೇನ್‌ನವರು (ಬೇರೆಯವರ ಟ್ರಯಲ್‌ಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಸಂಸ್ಥೆ) 13 ಅಧ್ಯಯನ, 699 ಜನರ ಲೆಕ್ಕ ಒಟ್ಟು ಹಾಕಿ, ಸೊಂಟನೋವಿಗೆ ಆರು ತಿಂಗಳಲ್ಲಿ ಇದು ಸುಳ್ಳು ಚಿಕಿತ್ಸೆಗಿಂತ ಬಹುಶಃ ಮೇಲಲ್ಲ ಅಂದರು.

ನನ್ನ ದುಡ್ಡಾಗಿದ್ದರೆ ತೋಟ ಮಾರುತ್ತಿರಲಿಲ್ಲ.

ಅರಿವಳಿಕೆ_ಮೈಸೂರು

ಮೇಲಿನವರು ಹೇಳಿದ ಅಂಕಿಗಳು ಸರಿ. ಕೊನೆಯ ಸಾಲಿಗೆ ಮಾತ್ರ ನನ್ನ ತಕರಾರಿದೆ. ನಾನು ಅರಿವಳಿಕೆ ಡಾಕ್ಟರ್, ನೋವಿನ ರೋಗಿಗಳನ್ನೂ ನೋಡುತ್ತೇನೆ.

ಕಾಕ್ರೇನ್ ಕೇಳಿದ್ದು ಸೊಂಟನೋವಿನ ಬಗ್ಗೆ. ನಿಮ್ಮ ಅಪ್ಪನಿಗಿರುವುದು ಕಾಲಿಗೆ ಇಳಿಯುವ ನರದ ನೋವು. ಉರಿ, ಛಳಕು, ಪಂಚೆ ತಾಗಿದರೂ ತಡೆಯಲಾಗದಿರುವುದು, ಇವೆಲ್ಲ ನರ ಕೆಟ್ಟಿರುವುದರ ಗುರುತು. ಇದಕ್ಕೇ ಈ ಚಿಕಿತ್ಸೆ ಹುಟ್ಟಿದ್ದು. 1965ರಲ್ಲಿ ಮೆಲ್ಜಾಕ್ ಮತ್ತು ವಾಲ್, ಬೆನ್ನುಹುರಿಯಲ್ಲಿ ನೋವಿನ ಸುದ್ದಿಗೆ ಒಂದು ಗೇಟ್ ಇದೆ, ದಪ್ಪ ನರಗಳನ್ನು ಕೆಣಕಿದರೆ ಆ ಗೇಟ್ ಮುಚ್ಚುತ್ತದೆ ಅಂದರು. ಎರಡೇ ವರ್ಷಕ್ಕೆ, 1967ರಲ್ಲಿ, ಅಮೆರಿಕದ ನಾರ್ಮನ್ ಶೀಲಿ ಕ್ಯಾನ್ಸರ್ ನೋವಿನ ಒಬ್ಬ ರೋಗಿಗೆ ಮೊದಲ ಮೆಷಿನ್ ಹಾಕಿದರು. (ಪೆಟ್ಟು ಬಿದ್ದ ಜಾಗವನ್ನು ನಾವು ಉಜ್ಜಿಕೊಳ್ಳುತ್ತೇವಲ್ಲ, ಅದೂ ಇದೇ ಗೇಟ್ ಲೆಕ್ಕವೇ.) ಪೂರ್ತಿ ಕಥೆ ಅಷ್ಟು ಸಲೀಸಲ್ಲ ಅಂತ ಈಗ ಗೊತ್ತಾಗಿದೆ, ಜುಮುಜುಮು ಇಲ್ಲದ ಹೊಸ ಮೆಷಿನ್‌ಗಳ ಕೆಲಸವನ್ನು ಈ ಗೇಟ್‌ನಿಂದ ವಿವರಿಸಲು ಆಗುವುದಿಲ್ಲ.

ನಾರ್ವೆಯವರು ಪರೀಕ್ಷೆ ಮಾಡಿದ್ದು ಒಂದು ಬಗೆಯ ಕರೆಂಟ್ ಮಾತ್ರ. ಅವರು ಇಟ್ಟ ಸೆಟ್ಟಿಂಗ್ ಕ್ಲಿನಿಕ್‌ಗಳಲ್ಲಿ ಸಾಮಾನ್ಯವಾಗಿ ಇಡುವಂಥದ್ದಲ್ಲ ಅಂತ ತುಂಬ ಜನ ಆಕ್ಷೇಪ ಎತ್ತಿದರು. ಆದರೂ ಅದು ಒಳ್ಳೆಯ ಟ್ರಯಲ್, ನಮ್ಮವರು ಅದನ್ನು ಪಕ್ಕಕ್ಕೆ ಸರಿಸಿ ಮಾತಾಡುವುದು ನನಗೆ ಹಿಡಿಸುವುದಿಲ್ಲ. ಯಾವ ಚಿಕಿತ್ಸೆ ಬಳಸಬಹುದು ಅಂತ ಸಲಹೆ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ 2008ರಲ್ಲೇ ನರದ ನೋವಿಗೆ ಇದನ್ನು ಒಪ್ಪಿದೆ. ಷರತ್ತುಗಳಿವೆ: ನೋವಿನ ಅಂಕ 100ಕ್ಕೆ ಕನಿಷ್ಠ 50 ಇರಬೇಕು, ಬೇರೆ ಚಿಕಿತ್ಸೆ ಮಾಡಿಯೂ ಆರು ತಿಂಗಳಾದರೂ ಉಳಿದಿರಬೇಕು, ತಾತ್ಕಾಲಿಕವಾಗಿ ಹಾಕಿ ನೋಡಿದಾಗ ಗುಣ ಕಂಡಿರಬೇಕು.

ಹಾಗಾಗಿ ಹತ್ತು ಲಕ್ಷದ ಪ್ರಶ್ನೆ ಈಗಲೇ ಬೇಡ. ಮೊದಲು ತಾತ್ಕಾಲಿಕ ವೈರ್ ಹಾಕಿಸುತ್ತಾರಾ, ಅದರ ಖರ್ಚು ಬೇರೆಯಾಗಿ ಎಷ್ಟು ಅಂತ ಕೇಳಿ. ಜಾಗ ಮರಗಟ್ಟಿಸಿ ಸೂಜಿಯಲ್ಲಿ ವೈರ್ ಇಳಿಸುತ್ತಾರೆ, ಮೆಷಿನ್ ಹೊರಗೆ ಸೊಂಟಕ್ಕೆ ಕಟ್ಟಿರುತ್ತದೆ, ಸುಮಾರು ಒಂದು ವಾರ ಮನೆಯಲ್ಲೇ ಇರಬಹುದು. ಬ್ಯಾಂಡೇಜ್ ನೆನೆಯಬಾರದು, ಬಗ್ಗಬಾರದು, ಮೈ ತಿರುಚಬಾರದು. ಆ ವಾರ ನೋವು ಎಷ್ಟು ಅಂತ ಕೇಳುವುದರ ಜೊತೆಗೆ ಬೇರೆಯದನ್ನೂ ಬರೆದಿಡಿ. ರಾತ್ರಿ ಎಷ್ಟು ಸಲ ಎದ್ದರು, ಎಷ್ಟು ದೂರ ನಡೆದರು, ಎಷ್ಟು ಮಾತ್ರೆ ಬಿಟ್ಟರು. ಒಂದು ಸ್ವಲ್ಪ ಪರವಾಗಿಲ್ಲ ಅಂತ ಅಪ್ಪ ಮುಖ ನೋಡಿ ಹೇಳಿದರೆ ಅದು ಪಾಸ್ ಅಲ್ಲ. ಮಗ ಇಷ್ಟು ಓಡಾಡಿದ್ದಾನೆ ಅಂತ ಹಿರಿಯರು ಹಾಗೆ ಹೇಳಿಬಿಡುತ್ತಾರೆ.

ಸಕ್ಕರೆ ಕಾಯಿಲೆ ಇದೆಯಾ? ಇದ್ದರೆ ಲೆಕ್ಕ ಸ್ವಲ್ಪ ಬದಲಾಗುತ್ತದೆ. ಶುಗರ್‌ನಿಂದ ಬರುವ ಪಾದದ ಉರಿಗೆ 216 ಜನರ ಟ್ರಯಲ್ 2021ರಲ್ಲಿ ಬಂತು, ನೋವು ಅರ್ಧವಾದವರು ಮೆಷಿನ್ ಕಡೆ ನೂರಕ್ಕೆ 79, ಬರೀ ಔಷಧಿ ಕಡೆ 5. ಅದರಲ್ಲೂ ಸುಳ್ಳು ಮೆಷಿನ್ ಗುಂಪು ಇರಲಿಲ್ಲ ಅಂತ ಸಾಲು_ಕಾಲಂ ಹೇಳುವ ಮೊದಲು ನಾನೇ ಹೇಳಿಬಿಡುತ್ತೇನೆ.

ಧಾರವಾಡದ_ಅಕ್ಕ

ನೋಡ್ರಿ ತಮ್ಮಾ, ನಾನು ಓದಿದವಳಲ್ಲ, ಕಂಡದ್ದು ಹೇಳುತ್ತೇನೆ. ನಮ್ಮ ಮನೆಯವರಿಗೆ ಇದೇ ಮೆಷಿನ್ ಹಾಕಿಸಿದ್ದೇವೆ. ಊರು, ಆಸ್ಪತ್ರೆ ಹೇಳುವುದಿಲ್ಲ.

ಕಾಲಿನ ಉರಿ ನಿಜವಾಗಿಯೂ ಇಳಿಯಿತು. ಗುಡಿಯ ತನಕ ನಡೆದು ಹೋಗಿ ಬರುತ್ತಿದ್ದರು. ಸೊಂಟದ ನೋವು ಮಾತ್ರ ಮೊದಲಿದ್ದ ಹಾಗೇ ಇತ್ತು, ಅದನ್ನು ಮೊದಲೇ ಯಾರೂ ಬಿಡಿಸಿ ಹೇಳಿರಲಿಲ್ಲ. ಆಮೇಲೆ ಒಂದು ದಿನ ಅಟ್ಟದ ಮೇಲಿನ ಡಬ್ಬಿ ತೆಗೆಯಲು ಕೈ ಚಾಚಿದರು. ಕಾಲಲ್ಲಿ ಇರಬೇಕಾದ ಜುಮುಜುಮು ಪಕ್ಕೆಲುಬಿಗೆ ಬಂತು. ವೈರ್ ಜಾರಿದೆ ಅಂದರು, ಮತ್ತೆ ಥಿಯೇಟರ್, ಮತ್ತೆ ಬಿಲ್.

ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ. ಮೆಷಿನ್ ಸೆಟ್ಟಿಂಗ್ ಮಾಡುವವರು ಡಾಕ್ಟರಲ್ಲ, ಕಂಪನಿಯ ಹುಡುಗ. ಅವನು ಒಂದು ಟ್ಯಾಬ್ ಹಿಡಿದು ಬರುತ್ತಾನೆ, ಎಲ್ಲಿ ಬರ್ತಿದೆ ಕಾಕಾ, ಈಗ ಎಲ್ಲಿ, ಅಂತ ಕೇಳಿ ಕೇಳಿ ಸರಿ ಮಾಡುತ್ತಾನೆ. ಒಳ್ಳೆಯ ಹುಡುಗ ಇದ್ದ. ಅವನು ಕೆಲಸ ಬಿಟ್ಟ ಮೇಲೆ ಫೋನ್ ಎತ್ತುವವರೇ ಇಲ್ಲದೆ ಬಹಳ ದಿನ ಒದ್ದಾಡಿದೆವು. ದಾವಣಗೆರೆಗೆ ಯಾರು ಬರುತ್ತಾರೆ, ಪ್ರತಿ ಸಲ ಬೆಂಗಳೂರಿಗೇ ಹೋಗಬೇಕಾ ಅಂತ ಈಗಲೇ ಕೇಳಿ. ಚಾರ್ಜ್ ಮಾಡುವ ಬೆಲ್ಟ್ ಸೊಂಟಕ್ಕೆ ಕಟ್ಟಿಕೊಂಡು ಅಲುಗಾಡದೆ ಕೂರಬೇಕು. ನಮ್ಮವರು ಟಿವಿ ವಾರ್ತೆ ಹಾಕಿಕೊಂಡು ಕೂರುತ್ತಾರೆ, ಕರೆಂಟ್ ಹೋದರೆ ಟಿವಿಯೂ ಇಲ್ಲ, ಚಾರ್ಜೂ ಇಲ್ಲ ಅಂತ ಸಿಟ್ಟು.

ಮತ್ತೆ ಹಾಕಿಸುತ್ತೀರಾ ಅಂದರೆ ಅವರು ಹೂಂ ಅಂತಾರೆ. ನಾನು ಅಷ್ಟು ಬೇಗ ಹೂಂ ಅನ್ನುವುದಿಲ್ಲ.

ಸಾಲು_ಕಾಲಂ

ಅಕ್ಕಾ, ವೈರ್ ಜಾರುವುದು ಅಪರೂಪವೇನಲ್ಲ. ಪ್ರೋಸೆಸ್ ಟ್ರಯಲ್‌ನಲ್ಲೇ ಒಂದು ವರ್ಷದೊಳಗೆ ಮೆಷಿನ್ ಹಾಕಿಸಿಕೊಂಡ ನೂರಕ್ಕೆ 32 ಜನಕ್ಕೆ ವೈರ್ ಜಾರುವುದು, ಸೋಂಕು ಥರದ ಏನಾದರೊಂದು ತೊಂದರೆ ಆಗಿತ್ತು. ನಾರ್ವೆಯ 50 ಜನರಲ್ಲಿ ನಾಲ್ವರಿಗೆ ಮತ್ತೆ ಆಪರೇಷನ್ ಮಾಡಬೇಕಾಯಿತು. ಇದೂ ಪಾಂಪ್ಲೆಟ್‌ನಲ್ಲಿ ಇರುವುದಿಲ್ಲ.

ಫಿಸಿಯೋ_ಶಿವಮೊಗ್ಗ

ಹತ್ತು ಲಕ್ಷದ ಮಾತಿನ ನಡುವೆ ನಮ್ಮ ಬಡಪಾಯಿ ಟೆನ್ಸ್ ಮೆಷಿನ್ ನೆನಪಿರಲಿ. ಚರ್ಮದ ಮೇಲೆ ಪ್ಯಾಡ್ ಅಂಟಿಸಿ ಕರೆಂಟ್ ಕೊಡುವುದು, ಆಪರೇಷನ್ ಇಲ್ಲ, ಕೆಲವೇ ಸಾವಿರಕ್ಕೆ ಸಿಗುತ್ತದೆ. ನಿಮ್ಮ ಅಪ್ಪನ ಕಾಯಿಲೆಗೆ ಇದರಿಂದ ಪವಾಡ ಆಗುತ್ತೆ ಅನ್ನುವುದಿಲ್ಲ. ಟೆನ್ಸ್ ರಿಸರ್ಚ್ ಬಹಳಷ್ಟು ಚಿಕ್ಕ ಚಿಕ್ಕದು, ಎಷ್ಟೋ ಸ್ಟಡಿಗಳಲ್ಲಿ ಕರೆಂಟ್ ಎಷ್ಟು ಇಟ್ಟರು ಅಂತಲೂ ಬರೆದಿಲ್ಲ. ಒಂದು ಮಾತ್ರ ನೆಟ್ಟಗೆ ಮಾಡಿದ್ದು: ಅಮೆರಿಕದಲ್ಲಿ ಫೈಬ್ರೊಮಯಾಲ್ಜಿಯಾ (ಮೈಯೆಲ್ಲ ನೋವು, ಸುಸ್ತು ಇರುವ ಕಾಯಿಲೆ) ಇದ್ದ 301 ಹೆಂಗಸರು, ನಿಜ ಟೆನ್ಸ್, ಸುಳ್ಳು ಟೆನ್ಸ್, ಏನೂ ಇಲ್ಲ ಅಂತ ಮೂರು ಗುಂಪು, ನಾಲ್ಕು ವಾರ. 2020ರಲ್ಲಿ ಬಂತು. ಓಡಾಡುವಾಗ ಬರುವ ನೋವು, ಸುಸ್ತು ಎರಡೂ ನಿಜ ಟೆನ್ಸ್‌ನಲ್ಲಿ ಜಾಸ್ತಿ ಇಳಿದವು. ಅವರು ಕರೆಂಟನ್ನು ತಡೆದುಕೊಳ್ಳುವಷ್ಟು ಜೋರಾಗಿ ಇಡಿಸಿದ್ದರು. ನಮ್ಮಲ್ಲಿ ಸುಮ್ನೆ ಗಿಲಿಗಿಲಿ ಅನ್ನುವಷ್ಟು ಇಟ್ಟು, ಹತ್ತು ನಿಮಿಷಕ್ಕೆ ತೆಗೆದು, ಗುಣ ಇಲ್ಲ ಅಂತಾರೆ.

ಪೇಸ್‌ಮೇಕರ್ ಇದ್ದವರು ಡಾಕ್ಟರನ್ನು ಕೇಳದೆ ಹಾಕಬಾರದು. ಕುತ್ತಿಗೆಯ ಮುಂಭಾಗಕ್ಕೆ ಯಾರೂ ಹಾಕಬಾರದು. ಮತ್ತೆ ಕಲ್ಯಾಣ ಮಂಟಪಗಳಲ್ಲಿ 'ಉಚಿತ ಶಿಬಿರ' ಅಂತ ಕೂರಿಸಿ ಪಾದದ ಕೆಳಗೆ ಕರೆಂಟ್ ಕೊಟ್ಟು ಕೊನೆಗೆ ಮೆಷಿನ್ ಮಾರುತ್ತಾರಲ್ಲ, ಅವರ ಹತ್ತಿರ ಯಾವ ಟ್ರಯಲ್ಲೂ ಇಲ್ಲ, ಬರೀ ಮೈಕ್ ಇರುತ್ತದೆ.

ಬೆಣ್ಣೆದೋಸೆ_ದಾವಣಗೆರೆ

ಎಲ್ಲರಿಗೂ ತುಂಬ ಥ್ಯಾಂಕ್ಸ್. ಅಕ್ಕಾ, ನೀವು ಹೇಳಿದ ಕಂಪನಿ ಹುಡುಗನ ವಿಷಯ ನಮ್ಮ ತಲೆಗೇ ಬಂದಿರಲಿಲ್ಲ. ಶುಗರ್ ಇಲ್ಲ ಸರ್. ಇವತ್ತು ಕ್ಲಿನಿಕ್‌ಗೆ ಫೋನ್ ಮಾಡಿದ್ದೆ. ತಾತ್ಕಾಲಿಕ ವೈರ್ ಹಾಕುತ್ತಾರಂತೆ. ಜೊತೆಗೆ, ಒಂದು ಸ್ಟಡಿ ನಡೆಯುತ್ತಿದೆ, ಅದಕ್ಕೆ ಸೇರಿದರೆ ರೇಟು ಕಡಿಮೆ ಮಾಡುತ್ತೇವೆ ಅಂದರು. ಸೇರಬಹುದಾ?

ಸಾಲು_ಕಾಲಂ

ಸ್ಟಡಿ ಅಂದರೆ ಸಿಟಿಆರ್‌ಐ ನಂಬರ್ ಕೇಳಿ. ಅದು ದೇಶದ ಟ್ರಯಲ್ ನೋಂದಣಿ ಪಟ್ಟಿ, 2007ರಲ್ಲಿ ಶುರುವಾಗಿದ್ದು, ಯಾರು ಬೇಕಾದರೂ ನೆಟ್‌ನಲ್ಲಿ ತೆರೆದು ನೋಡಬಹುದು. ದುಡ್ಡು ಯಾರದು, ಯಾವ ಗುಂಪಿನ ಎದುರು ಯಾವ ಗುಂಪು, ಏನನ್ನು ಅಳೆಯುತ್ತಾರೆ, ಎಲ್ಲ ಅಲ್ಲಿರುತ್ತದೆ. ಒಪ್ಪಿಗೆ ಪತ್ರ ಕನ್ನಡದಲ್ಲೇ ಕೇಳಿ ಪಡೆಯಿರಿ, ಅಪ್ಪನೇ ಓದಲಿ. ಅದರಲ್ಲಿ ಎಥಿಕ್ಸ್ ಕಮಿಟಿಯ (ರೋಗಿಗಳಿಗೆ ಅನ್ಯಾಯ ಆಗದಂತೆ ನೋಡುವ ಸಮಿತಿ) ಫೋನ್ ನಂಬರ್ ಇರಬೇಕು, ಟ್ರಯಲ್‌ನಿಂದ ತೊಂದರೆಯಾದರೆ ಚಿಕಿತ್ಸೆ ಯಾರ ಖರ್ಚು ಅಂತ ಇರಬೇಕು, ಯಾವಾಗ ಬೇಕಾದರೂ ಬಿಟ್ಟು ಬರಬಹುದು ಅಂತ ಇರಬೇಕು. ನೋಂದಣಿ ಆಗಿದ್ದು, ಸುಳ್ಳು ಮೆಷಿನ್ ಗುಂಪೂ ಇದ್ದರೆ ನಾನಂತೂ ಸೇರಿ ಅಂತೀನಿ, ಅಂಥವು ಬೇಕಾಗಿವೆ. ಬರೀ ಡಿಸ್ಕೌಂಟ್ ಕೊಟ್ಟು ಫಾರಂ ತುಂಬಿಸಿಕೊಳ್ಳುವುದಾದರೆ ಅದು ಸ್ಟಡಿ ಅಲ್ಲ, ಸೇಲು.

ಬೆಣ್ಣೆದೋಸೆ_ದಾವಣಗೆರೆ

ನಂಬರ್ ಕೇಳಿದೆ, ವಾಟ್ಸಾಪ್ ಮಾಡುತ್ತೇವೆ ಅಂದಿದ್ದಾರೆ, ಇನ್ನೂ ಬಂದಿಲ್ಲ. ಮುಂದಿನ ವಾರ ಬರೀ ತಾತ್ಕಾಲಿಕ ವೈರ್‌ಗೆ ಡೇಟ್ ತಗೊಂಡಿದ್ದೇವೆ. ತೋಟದ ಮಾತು ಸದ್ಯಕ್ಕೆ ಬಿಟ್ಟಿದ್ದೇವೆ. ಅಪ್ಪ ಎರಡು ವರ್ಷದ ಹಿಂದೆ ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡಿದ್ದಾರೆ, ಕ್ಲೋಪಿಡೋಗ್ರೆಲ್ ನಡೆಯುತ್ತಿದೆ. ಅದೇನು ತೊಂದರೆ ಇಲ್ಲ ಅಲ್ವಾ?

ಅರಿವಳಿಕೆ_ಮೈಸೂರು

ಇದನ್ನು ಮೊದಲೇ ಹೇಳಬೇಕಿತ್ತು ಮಾರಾಯರೇ! ಕ್ಲಿನಿಕ್‌ನವರಿಗೆ ಹೇಳಿದ್ದೀರಾ? ಅದು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ. ಬೆನ್ನುಹುರಿಯ ಪಕ್ಕ ಸೂಜಿ ಹೋಗುವಾಗ ಅಲ್ಲಿ ರಕ್ತ ಸೋರಿ ಕಟ್ಟಿಕೊಂಡರೆ ಕಾಲಿನ ಶಕ್ತಿಯೇ ಹೋಗಬಹುದು. ಹಾಗಂತ ನೀವಾಗೇ ಮಾತ್ರೆ ನಿಲ್ಲಿಸಬೇಡಿ, ಸ್ಟೆಂಟ್ ಮುಚ್ಚಿಕೊಂಡರೆ ಅದು ಇನ್ನೊಂದು ಅಪಾಯ. ನಾಳೆ ಬೆಳಿಗ್ಗೆಯೇ ಕ್ಲಿನಿಕ್‌ಗೂ ಹೃದಯದ ಡಾಕ್ಟರಿಗೂ ಫೋನ್ ಮಾಡಿ. ಎಷ್ಟು ದಿನ ಮೊದಲು ನಿಲ್ಲಿಸುವುದು, ನಿಲ್ಲಿಸಬಹುದಾ, ಮತ್ತೆ ಯಾವಾಗ ಶುರು ಮಾಡುವುದು, ಇಬ್ಬರೂ ಮಾತಾಡಿ ಬರೆದುಕೊಡಲಿ. ಬರೆದುಕೊಡುವವರೆಗೆ ಡೇಟ್ ಮುಂದಕ್ಕೆ ಹಾಕಿ.