ಇಎನ್ 19 ಹಾಕಿಸಿದರೆ ಶಾಫ್ಟ್ ಮುರಿಯೋದು ನಿಲ್ಲುತ್ತದಾ?

ಪ್ರಶ್ನೆ (ಗಂಗಾವತಿ):
ಸರ್, ನಮ್ಮದು ಸಣ್ಣ ಅಕ್ಕಿ ಗಿರಣಿ. ಧಾನ್ಯ ಮೇಲೆತ್ತುವ ಎಲಿವೇಟರಿನ ಮೇಲಿನ ಶಾಫ್ಟ್ ಒಂದೇ ಸುಗ್ಗಿಯಲ್ಲಿ ಎರಡು ಸಲ ಮುರಿಯಿತು. ಇದ್ದದ್ದು ಇಎನ್ 8, ಅಂದರೆ ಸಾದಾ ಕಾರ್ಬನ್ ಉಕ್ಕು. ಲೇತ್‌ನವರು "ಇಎನ್ 19 ಹಾಕ್ಸಿ, ಅಲಾಯ್ ಸ್ಟೀಲು, ಮುರಿಯಂಗಿಲ್ಲ, ತುಕ್ಕೂ ಹಿಡಿಯಂಗಿಲ್ಲ" ಅನ್ನುತ್ತಾರೆ. ರೇಟು ಜಾಸ್ತಿ. ಹಾಕಿಸಲಾ?

ಉತ್ತರ (ಬಳ್ಳಾರಿ, ಹೀಟ್ ಟ್ರೀಟ್‌ಮೆಂಟ್ ಕೆಲಸ):
ತುಕ್ಕಿನ ಮಾತು ಮೊದಲು ಬಿಡಿ. ತುಕ್ಕು ತಡೆಯಲು ಕ್ರೋಮಿಯಂ ಶೇ. 10.5 ಆದರೂ ಬೇಕು, ಅದು ಸ್ಟೇನ್‌ಲೆಸ್. ಇಎನ್ 19ರಲ್ಲಿ ಇರೋದು ಶೇ. 1ರ ಆಸುಪಾಸು. ಇದು ಲೋ ಅಲಾಯ್ ಉಕ್ಕು, ಅಂದರೆ ಬೇರೆ ಲೋಹ ಸ್ವಲ್ಪವೇ ಬೆರೆತದ್ದು: ಕಾರ್ಬನ್ ಸುಮಾರು ಶೇ. 0.4, ಜೊತೆಗೆ ಕ್ರೋಮಿಯಂ, ಚೂರು ಮಾಲಿಬ್ಡಿನಂ, ಸ್ವಲ್ಪ ಮ್ಯಾಂಗನೀಸ್. (ನಮ್ಮ ಸಂಡೂರಿನ ಮ್ಯಾಂಗನೀಸೇ ಇದ್ದರೂ ಇರಬಹುದು!)

ಈ ಬೆರಕೆಯ ಲಾಭ ಸಿಗೋದು ಹದ ಮಾಡಿದಾಗ. ಕಮ್ಮಾರರು ಕುಡಗೋಲನ್ನು ಕಾಯಿಸಿ ನೀರಿಗೆ ಅದ್ದುತ್ತಾರಲ್ವಾ, ಹಾಗೆ ಇದನ್ನು 850 ಡಿಗ್ರಿ ಹತ್ತಿರ ಕಾಯಿಸಿ ಎಣ್ಣೆಗೆ ಅದ್ದುತ್ತೇವೆ. ಆಮೇಲೆ 600ರ ಹತ್ತಿರ ಮತ್ತೆ ಕಾಯಿಸುತ್ತೇವೆ. ದಪ್ಪ ಇಎನ್ 8 ಮೇಲ್ಮೈಯಲ್ಲಷ್ಟೇ ಗಟ್ಟಿಯಾಗುತ್ತದೆ, ಇದು ಒಳಗಿನ ತನಕ. ಹದ ಮಾಡದ ಇಎನ್ 19 ತಂದರೆ ದುಡ್ಡು ದಂಡ.

ಅದಿರಲಿ, ಮುರಿದ ಮುಖ ಹೇಗಿದೆ?

ಗಂಗಾವತಿ:
ಮುಕ್ಕಾಲು ಭಾಗ ನುಣ್ಣಗಿದೆ, ಚಿಪ್ಪಿನ ಮೇಲಿರುವಂಥ ಗೆರೆಗಳಿವೆ. ಉಳಿದದ್ದು ಒರಟು. ಎರಡು ಸಲವೂ ಮುರಿದದ್ದು ಬೇರಿಂಗ್ ಕೂರುವ ಸ್ಟೆಪ್‌ನಲ್ಲೇ (ಶಾಫ್ಟಿನ ದಪ್ಪ ಬದಲಾಗುವ ಮೆಟ್ಟಿಲು).

ಉತ್ತರ:
ಹಾಗಾದರೆ ಒಂದೇ ಏಟಿಗೆ ಮುರಿದದ್ದಲ್ಲ. ತಿರುಗಿ ತಿರುಗಿ ಬಿರುಕು ದಿನಾ ಚೂರುಚೂರೇ ಬೆಳೆದಿದೆ. ಸ್ಟೆಪ್‌ನ ಮೂಲೆ ಚೂಪಾಗಿ ಕಡೆದಿರುತ್ತಾರೆ, ಬಿರುಕು ಅಲ್ಲೇ ಹುಟ್ಟುತ್ತದೆ. ಉಕ್ಕು ಗಟ್ಟಿಯಾದಷ್ಟೂ ಇಂಥ ಮೂಲೆ ಅದಕ್ಕೆ ಆಗಿಬರಲ್ಲ. ಮೂಲೆಗೆ ರೇಡಿಯಸ್ ಕೊಡಿಸಿ, ಅಂದರೆ ಚೂಪು ತೆಗೆದು ದುಂಡಗೆ ಮಾಡಿಸಿ, ಬೆಲ್ಟ್ ಅತಿ ಬಿಗಿ ಇದೆಯಾ ನೋಡಿ. ನನ್ನನ್ನು ಕೇಳಿದರೆ, ಇಎನ್ 8ಕ್ಕೇ ಇನ್ನೊಂದು ಅವಕಾಶ ಕೊಡುತ್ತೇನೆ.

ಸಿಂಧನೂರು:
ನಡುವೆ ಬಾಯಿ ಹಾಕ್ತೀನಿ ಸರ್. ಮುರಿದ ಇಎನ್ 19 ಶಾಫ್ಟ್ ವೆಲ್ಡ್ ಮಾಡಿಸಬಹುದಾ?

ಉತ್ತರ:
ತಿರುಗುವ ಶಾಫ್ಟ್ ಆದರೆ ಬೇಡ. ಬೇರೆ ಭಾಗವಾದರೆ 250 ಡಿಗ್ರಿ ತನಕ ಮೊದಲೇ ಕಾಯಿಸಿ, ಒಣಗಿಸಿದ 7018 ನಂಬರಿನ ವೆಲ್ಡಿಂಗ್ ರಾಡಿನಲ್ಲಿ ಮಾಡಿ, ನಿಧಾನಕ್ಕೆ ಆರಲು ಬಿಡಬೇಕು. ಸುಮ್ನೆ ವೆಲ್ಡ್ ಹೊಡೆದರೆ ಇವತ್ತು ಚೆನ್ನಾಗೇ ಕಾಣುತ್ತದೆ, ನಾಳೆ ಪಕ್ಕದಲ್ಲೇ ಬಿರುಕು.

ಗಂಗಾವತಿ:
ರೇಡಿಯಸ್ ಎಷ್ಟು ಇಡಿಸಲಿ ಸರ್?

ಉತ್ತರ:
ಬೇರಿಂಗ್‌ನ ಒಳಮೂಲೆಯ ರೇಡಿಯಸ್‌ಗಿಂತ ತುಸು ಕಮ್ಮಿ. ಜಾಸ್ತಿಯಾದರೆ ಬೇರಿಂಗ್ ಸ್ಟೆಪ್‌ಗೆ ಒತ್ತಿ ಕೂರಲ್ಲ.