ಅಮೆರಿಕದ ಕಾಂಗ್ರೆಸ್ (ಅಲ್ಲಿನ ಸಂಸತ್ತು) ಒಬ್ಬರ ಹೆಸರಲ್ಲೇ ಕಾನೂನು ಮಾಡುತ್ತದಂತೆ, ನಿಜವಾ?

ಪ್ರಶ್ನೆ: ನಮಸ್ಕಾರ ಮೇಡಂ. ನಾನು ನ್ಯೂಜೆರ್ಸಿಯಲ್ಲಿ ಎಚ್-1ಬಿ ಕೆಲಸದ ವೀಸಾ ಮೇಲಿದ್ದೇನೆ. ಗ್ರೀನ್ ಕಾರ್ಡ್ ಕ್ಯೂ ಕಥೆ ನಿಮಗೆ ಗೊತ್ತೇ ಇದೆ. ಮುಂದಿನ ವರ್ಷ ಮಗಳಿಗೆ 21 ತುಂಬುತ್ತದೆ, ಆಮೇಲೆ ಅವಳಿಗೆ ಎಚ್-4 (ನನ್ನ ವೀಸಾ ಜೊತೆ ಕುಟುಂಬಕ್ಕೆ ಸಿಗುವ ವೀಸಾ) ಇಲ್ಲ. ಪರಿಚಯದವರೊಬ್ಬರು "ನಿಮ್ಮ ಕಾಂಗ್ರೆಸ್‌ಮನ್‌ನ ಹಿಡೀರಿ, ಮಗಳ ಹೆಸರಲ್ಲೇ ಕಾನೂನು ಮಾಡಿಸಬಹುದು" ಅಂದರು. ಮಾಡಿಸಿಕೊಡಲು ಏಜೆಂಟ್ ಕೂಡ ಇದ್ದಾರಂತೆ. ನಂಬಬಹುದಾ?

ಉತ್ತರ (ವಕೀಲರು): ಕಾನೂನು ಇರುವುದು ನಿಜ. ಏಜೆಂಟ್ ಸಹವಾಸ ಬೇಡ.

ಇದನ್ನು ಪ್ರೈವೇಟ್ ಲಾ ಅಂತಾರೆ. ನಮ್ಮ ಲೋಕಸಭೆಯ ಖಾಸಗಿ ಸದಸ್ಯರ ಮಸೂದೆಗೂ ಇದಕ್ಕೂ ಸಂಬಂಧವಿಲ್ಲ. ಇಲ್ಲಿ ಎರಡೂ ಸದನ ಒಪ್ಪಿ, ಅಧ್ಯಕ್ಷರು ಸಹಿ ಹಾಕಿ, ಒಬ್ಬ ವ್ಯಕ್ತಿಗೆ ಅಥವಾ ಒಂದು ಕುಟುಂಬಕ್ಕೆ ಮಾತ್ರ ಅನ್ವಯಿಸುವ ಕಾನೂನು ಆಗುತ್ತದೆ. 1905-07ರ ಕಾಂಗ್ರೆಸ್ ಇಂಥವನ್ನು ಆರು ಸಾವಿರಕ್ಕೂ ಜಾಸ್ತಿ ಮಾಡಿತ್ತು, ಬಹುಪಾಲು ಸೈನಿಕರ ಪಿಂಚಣಿಗೆ. ಈಗ ನೋಡಿ, 2007-08ರಲ್ಲಿ ಒಂದೂ ಇಲ್ಲ. 2021-22ರ ಕಾಂಗ್ರೆಸ್‌ನಲ್ಲಿ ಬೆರಳೆಣಿಕೆಯಷ್ಟು ಆದವು. ಅದರಲ್ಲಿ ಒಂದು ಭಾರತ ಮೂಲದ ಕುಟುಂಬದ್ದು: ಮಗಳು, ಅಪ್ಪ, ಅಮ್ಮ ಮೂವರಿಗೂ ಸೇರಿಸಿ. ನಿಮ್ಮ ಪರಿಚಯದವರು ಬಹುಶಃ ಇದನ್ನೇ ಕೇಳಿರಬೇಕು.

ಆದರೆ ದಾರಿ ಕಷ್ಟ. ಬೇರೆ ಎಲ್ಲ ಬಾಗಿಲೂ ಮುಚ್ಚಿದೆ ಅಂತ ಮೊದಲು ತೋರಿಸಬೇಕು. ಮಸೂದೆ ನ್ಯಾಯಾಂಗ ಸಮಿತಿ ದಾಟಬೇಕು. ಕೆಳಮನೆಯಲ್ಲಿ ಪ್ರೈವೇಟ್ ಕ್ಯಾಲೆಂಡರ್‌ಗೆ (ಇಂಥ ಮಸೂದೆಗಳ ಪಟ್ಟಿಗೆ) ಬಂದಾಗ ಇಬ್ಬರು ಸದಸ್ಯರು ಬೇಡ ಅಂದರೂ ಸಮಿತಿಗೆ ವಾಪಸ್. ಎರಡು ವರ್ಷದ ಅವಧಿ ಮುಗಿದರೆ ಮಸೂದೆಯೂ ಸತ್ತಂತೆ, ಮತ್ತೆ ಮೊದಲಿಂದ. ಪಾಸಾದರೂ ಸಾಮಾನ್ಯವಾಗಿ ಎರಡು ಷರತ್ತು ಇರುತ್ತವೆ. ಕೊಟ್ಟ ಗ್ರೀನ್ ಕಾರ್ಡನ್ನು ಹುಟ್ಟಿದ ದೇಶದ ಕೋಟಾದಿಂದ ಕಳೆಯುತ್ತಾರೆ. ಆ ವ್ಯಕ್ತಿಯ ಸಂಬಂಧ ಹೇಳಿಕೊಂಡು ಅಪ್ಪ-ಅಮ್ಮ, ಅಣ್ಣ-ತಮ್ಮಂದಿರು ಏನೂ ಕೇಳುವ ಹಾಗಿಲ್ಲ.

ಇನ್ನು ಏಜೆಂಟ್ ವಿಷಯ. 1980ರಲ್ಲಿ ಆಬ್‌ಸ್ಕ್ಯಾಮ್ ಹಗರಣ ಹೊರಬಿತ್ತು. ಅರಬ್ ಶೇಖ್‌ನ ಕಡೆಯವರು ಅಂತ ಎಫ್‌ಬಿಐನವರು ನಾಟಕ ಮಾಡಿ, ವಲಸೆಗೆ ಪ್ರೈವೇಟ್ ಬಿಲ್ ತನ್ನಿ ಅಂತ ಲಂಚದ ಆಸೆ ತೋರಿಸಿದ್ದರು. ಒಬ್ಬ ಸೆನೆಟರ್, ಆರು ಜನ ಕೆಳಮನೆ ಸದಸ್ಯರು ಅಪರಾಧಿಗಳಾದರು. ದುಡ್ಡು ಕೊಟ್ಟು ಕಾನೂನು ಮಾಡಿಸುವ ಮಾತು ಎಲ್ಲಿಗೆ ಹೋಗಿ ನಿಲ್ಲುತ್ತದೆ ಅಂತ ಗೊತ್ತಾಯಿತಲ್ವಾ?

ಮಗಳಿಗೆ 21 ತುಂಬುವ ಮೊದಲೇ ಎಫ್-1 ವಿದ್ಯಾರ್ಥಿ ವೀಸಾಗೆ ಬದಲಾಯಿಸಲು ಅರ್ಜಿ ಹಾಕಿ. ನಿಮ್ಮ ಐ-140 (ಗ್ರೀನ್ ಕಾರ್ಡಿಗಾಗಿ ಕಂಪನಿ ಹಾಕಿದ ಅರ್ಜಿ) ತೀರ್ಮಾನವಾಗದೆ ಎಷ್ಟು ದಿನ ಬಾಕಿ ಇತ್ತು ನೋಡಿ. ಗ್ರೀನ್ ಕಾರ್ಡ್ ಸರದಿ ಬಂದ ದಿನದ ಮಗಳ ವಯಸ್ಸಿನಿಂದ ಅಷ್ಟು ದಿನ ಕಳೆಯುತ್ತಾರೆ, ಕೆಲವರಿಗೆ ವಯಸ್ಸು 21ರ ಒಳಗೆ ಬಂದು ಅದೇ ದಡ ಸೇರಿಸುತ್ತದೆ.

ಗುಂಪಿನ ಇನ್ನೊಬ್ಬ ಸದಸ್ಯರು: ಮೇಡಂ, ನಿಲ್ಲಿಸಿದ್ದ ನನ್ನ ಕಾರಿಗೆ ಫೆಡರಲ್ ಇಲಾಖೆಯೊಂದರ ವ್ಯಾನ್ ಗುದ್ದಿತು. ಪರಿಹಾರಕ್ಕೆ ನಾನೂ ಒಂದು ಕಾನೂನು ಕೇಳಲಾ? 😄

ಉತ್ತರ: 1946ಕ್ಕೆ ಮುಂಚೆ ಆಗಿದ್ದರೆ ನೀವು ನಗಾಡುತ್ತಿರಲಿಲ್ಲ. ಆಗ ಇಂಥದ್ದಕ್ಕೂ ಬಹುತೇಕ ಕಾಂಗ್ರೆಸ್ ಮುಂದೆಯೇ ಹೋಗಬೇಕಿತ್ತು. ಸರ್ಕಾರದ ಮೇಲೆ ಅದರ ಒಪ್ಪಿಗೆ ಇಲ್ಲದೆ ದಾವೆ ಹಾಕುವಂತಿರಲಿಲ್ಲ. ಆ ವರ್ಷ ಫೆಡರಲ್ ಟಾರ್ಟ್ ಕ್ಲೇಮ್ಸ್ ಕಾಯ್ದೆ (ಸರ್ಕಾರಿ ನೌಕರರ ತಪ್ಪಿನಿಂದಾದ ನಷ್ಟಕ್ಕೆ ಪರಿಹಾರ ಕೇಳುವ ಕಾಯ್ದೆ) ಬಂತು, ಅದರಲ್ಲಿ ಬಗೆಹರಿಯುವ ವಿಷಯಕ್ಕೆ ಪ್ರೈವೇಟ್ ಬಿಲ್ ತರುವುದನ್ನೂ ನಿಲ್ಲಿಸಿದರು. ಈಗ ಎಸ್ಎಫ್-95 ಅನ್ನುವ ಫಾರಂ ತುಂಬಿ, ಎರಡು ವರ್ಷದೊಳಗೆ ಅದೇ ಇಲಾಖೆಗೆ ಕೊಡಿ. ಬೇಕಾದ ಮೊತ್ತವನ್ನು ಡಾಲರ್‌ನಲ್ಲಿ ಬರೆಯಲೇಬೇಕು. ಆರು ತಿಂಗಳು ಉತ್ತರ ಬರದಿದ್ದರೆ ಫೆಡರಲ್ ಕೋರ್ಟಿಗೆ ಹೋಗಬಹುದು.

ಮತ್ತೊಬ್ಬರು: ಹಾಗಾದರೆ ಅದಾದ ಮೇಲೆ ದುಡ್ಡಿಗಾಗಿ ಇಂಥ ಕಾನೂನು ಆಗಿಯೇ ಇಲ್ವಾ?

ಉತ್ತರ: ಆಗಿದೆ. ಫ್ರಾಂಕ್ ಓಲ್ಸನ್ ಅಂತ ಸೇನೆಯ ವಿಜ್ಞಾನಿ. 1953ರಲ್ಲಿ ಸಿಐಎನವರು ಅವರಿಗೆ ಗೊತ್ತಿಲ್ಲದಂತೆ ಎಲ್‌ಎಸ್‌ಡಿ ಕುಡಿಸಿದರು. ಕೆಲವೇ ದಿನಗಳಲ್ಲಿ ನ್ಯೂಯಾರ್ಕಿನ ಹೋಟೆಲ್ ಕಿಟಕಿಯಿಂದ ಬಿದ್ದು ಸತ್ತರು. ಮಾದಕದ ವಿಷಯ ಮನೆಯವರಿಗೆ ತಿಳಿದದ್ದು 1975ರಲ್ಲಿ. ಮರುವರ್ಷ ಕಾಂಗ್ರೆಸ್ ಪ್ರೈವೇಟ್ ಲಾ ಮಾಡಿ 7,50,000 ಡಾಲರ್ ಕೊಟ್ಟಿತು. ಇಷ್ಟು ದೊಡ್ಡ ಅನ್ಯಾಯಕ್ಕೇ 20 ವರ್ಷದ ಮೇಲಾಯಿತು ನೋಡಿ.

ಮೊದಲು ಕೇಳಿದವರು: ಥ್ಯಾಂಕ್ಸ್ ಮೇಡಂ. ಹಾಗಾದರೆ ಕಾಂಗ್ರೆಸ್‌ಮನ್ ಆಫೀಸಿಗೆ ಹೋಗುವುದೇ ಬೇಡವಾ?

ಉತ್ತರ: ಹೋಗಿ, ಕಾನೂನು ಕೇಳುವುದಕ್ಕಲ್ಲ. ಮಗಳ ಎಫ್-1 ಅರ್ಜಿ ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಅವರ ಸಿಬ್ಬಂದಿ ವಲಸೆ ಇಲಾಖೆಗೆ ಬರೆದು ವಿಚಾರಿಸುತ್ತಾರೆ. ರಸೀದಿ ನಂಬರ್ ತಗೊಂಡು ಹೋಗಿ. ಒಪ್ಪಿಗೆ ಪತ್ರಕ್ಕೆ ಮಗಳೇ ಸಹಿ ಹಾಕಬೇಕು, ಅವಳಿಗೆ 18 ದಾಟಿದೆಯಲ್ಲ. ಇದಕ್ಕೆ ಒಂದು ಪೈಸೆ ಕೊಡಬೇಕಿಲ್ಲ.