ಅಪ್‌ಡೇಟ್: ಬಬಲ್ ಸಿಪ್ಯಾಪ್‌ನಲ್ಲಿ ಗುಳ್ಳೆ ನಿಲ್ಲುತ್ತಿದ್ದುದು

ಕಾರವಾರದಲ್ಲಿ, 30 ವಾರಕ್ಕೆ ಹುಟ್ಟಿದ ಶಿಶುವಿನ ಬಬಲ್ ಸಿಪ್ಯಾಪ್‌ನಲ್ಲಿ ಗುಳ್ಳೆ ಆಗಾಗ ನಿಲ್ಲುತ್ತಿದೆ, ಫ್ಲೋ (ಗಾಳಿಯ ಹರಿವು) ಏರಿಸಬೇಕೇ ಎಂದು ಕೇಳಿದ್ದೆ. ಬಬಲ್ ಸಿಪ್ಯಾಪ್ ಎಂದರೆ ಮೂಗಿನಿಂದ ಒತ್ತಡದ ಗಾಳಿ ಕೊಟ್ಟು ಶ್ವಾಸಕೋಶ ಕುಸಿಯದಂತೆ ಹಿಡಿಯುವ ಸಾಧನ; ಉಸಿರು ಹೊರಹೋಗುವ ಟ್ಯೂಬಿನ ತುದಿ ಬಾಟಲಿಯ ನೀರಲ್ಲಿ ಮುಳುಗಿರುತ್ತದೆ, ಎಷ್ಟು ಸೆಂ.ಮೀ. ಮುಳುಗಿದೆಯೋ ಅಷ್ಟು ಒತ್ತಡ. ಏರಿಸುವ ಅಗತ್ಯ ಬೀಳಲಿಲ್ಲ, ನಿಮಿಷಕ್ಕೆ 6 ಲೀಟರ್‌ನಲ್ಲೇ ಇದೆ. ಪ್ರಾಂಗ್ಸ್ (ಮೂಗಿನ ಹೊಳ್ಳೆಗೆ ಹಾಕುವ ಪುಟ್ಟ ಕೊಳವೆಗಳು) ಹೊರತೆಗೆದು ಬೆರಳಲ್ಲಿ ಒತ್ತಿ ಮುಚ್ಚಿದರೆ ಗುಳ್ಳೆ ಏಳುತ್ತಿತ್ತು. ಅಂದರೆ ಸರ್ಕ್ಯೂಟ್ (ಟ್ಯೂಬುಗಳ ಜೋಡಣೆ) ಸರಿ, ಸೋರಿಕೆ ಮೂಗಿನ ಹತ್ತಿರ. ಒಂದು ಸೈಜ್ ದೊಡ್ಡ ಪ್ರಾಂಗ್ಸ್ ಹಾಕಿದ ಮೇಲೆ ಸೋರಿಕೆ ನಿಂತಿತು. ಹೊಳ್ಳೆ ತುಂಬಬೇಕು, ಚರ್ಮ ಬಿಳಿಚಬಾರದು, ನಡುಗೋಡೆಯಿಂದ 2–3 ಮಿ.ಮೀ. ಅಂತರ ಇರಲೇಬೇಕು. ಬಾಯಿ ತೆರೆದೇ ಇದ್ದರೆ ಗದ್ದಕ್ಕೆ ಪಟ್ಟಿ.

ಇದಕ್ಕಿಂತ ಅಪಾಯದ್ದು ಇನ್ನೊಂದು ಸಿಕ್ಕಿತು: ಉಸಿರು ಹೊರಹೋಗುವ ಟ್ಯೂಬಿನ ಬಾಗಿನಲ್ಲಿ ನೀರು. ಎಸಿ ಗಾಳಿ ನೇರ ಬಡಿದರೆ ಆವಿ ಅಲ್ಲೇ ಹನಿಗಟ್ಟುತ್ತದೆ. ಆಗ ಟ್ಯೂಬು 5 ಸೆಂ.ಮೀ. ಮುಳುಗಿದ್ದರೂ ಮಗುವಿಗೆ ಸಿಗುವ ಒತ್ತಡ ಅದಕ್ಕಿಂತ ಹೆಚ್ಚು. ಗುಳ್ಳೆ ಮಾತ್ರ ಬರುತ್ತಲೇ ಇರುತ್ತದೆ, ಅದೇ ಮೋಸ. ಟ್ಯೂಬು ಬಾಟಲಿಯ ಕಡೆಗೆ ಇಳಿಜಾರಾಗಿರಲಿ, ಬಾಟಲಿಯ ನೀರು ಏರಿದೆಯೇ ನೋಡುತ್ತಿರಿ. ಕರಾವಳಿಯ ಸೆಕೆಗೆ ಹ್ಯುಮಿಡಿಫೈಯರ್ (ಗಾಳಿಯನ್ನು ಬಿಸಿ ಮಾಡಿ ತೇವಗೊಳಿಸುವ ಸಾಧನ) ತಾಪ ಇಳಿಸುವಂತಿಲ್ಲ, ಸಿಲಿಂಡರಿನ ಗಾಳಿ ಒಣಗಾಳಿಯೇ: 37 ಡಿಗ್ರಿ. ಹೊಟ್ಟೆ ಉಬ್ಬದಂತೆ ಬಾಯಿಂದ ಹೊಟ್ಟೆಗೆ ಹಾಕಿದ ಟ್ಯೂಬು ತೆರೆದಿರಲಿ.

ಗುರಿ 90–95% ಸ್ಯಾಚುರೇಶನ್ (ರಕ್ತದಲ್ಲಿನ ಆಮ್ಲಜನಕದ ಮಟ್ಟ). 6 ಸೆಂ.ಮೀ. ಒತ್ತಡದಲ್ಲೂ 30%ಕ್ಕಿಂತ ಹೆಚ್ಚು ಆಮ್ಲಜನಕ ಬೇಕಾದರೆ ಸರ್ಫ್ಯಾಕ್ಟಂಟ್ (ಶ್ವಾಸಕೋಶದ ಗಾಳಿಚೀಲಗಳು ಕುಸಿಯದಂತೆ ತಡೆಯುವ ಔಷಧ). ಅದು ಇಲ್ಲದ ಕಡೆ, ಹುಬ್ಬಳ್ಳಿಗೆ ಘಟ್ಟ ಹತ್ತಿಸುವ ನಿರ್ಧಾರ ಮಗು ಸುಸ್ತಾಗುವ ಮೊದಲೇ ಆಗಬೇಕು, ಆಂಬುಲೆನ್ಸಿನಲ್ಲೂ ಸಿಪ್ಯಾಪ್ ಬಿಡದೆ.